ಸೋಲಿಗೆ ಎಷ್ಟು ರೇಟು?

2025ರ ಚೌತಿಗೆ ಊರಿಗೆ ಹೋಗಿದ್ದೆ. ಊರು ಅಂದ್ರೆ ದೇಸೂರ. ಬೆಳಗಾವಿಯಿಂದ ಖಾನಾಪುರ ರಸ್ತೆ ಹಿಡಿದು ಟಿಳಕವಾಡಿ, ಉದ್ಯಮಬಾಗ, ಮಚ್ಛೆ ದಾಟಿದರೆ ನಮ್ಮೂರು. ಸಣ್ಣದೊಂದು ರೈಲ್ವೆ ಸ್ಟೇಷನ್ ಇದೆ. ನಾನು ಬೆಂಗಳೂರಿಗೆ ಹೋಗುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಅಲ್ಲಿ ನಿಲ್ಲದೆ ಓಡುತ್ತೆ. ಹಬ್ಬದ ಮರುದಿನ ಬೆಳಗ್ಗೆ ಜಿಟಿಜಿಟಿ ಮಳೆ. ಕಾಕಾ ಪಡಸಾಲೆಯಲ್ಲಿ ಕೂತು ಹಿಂದಿನ ವಾರದ ಪೇಪರ್ ತಿರುವಿ ಹಾಕುತ್ತಿದ್ದರು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಆಗಸ್ಟ್ 21ಕ್ಕೆ ಸಂಸತ್ತಿನ ಒಪ್ಪಿಗೆ ಸಿಕ್ಕಿತ್ತು. ಮರುದಿನವೇ ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತ್ತು.

ನಮ್ಮ ಮನೆಯ ಮಟ್ಟಿಗೆ ಆ ಸುದ್ದಿ ತಡವಾಗಿ ಬಂತು. ಕಾಕಾನ ಮಗ, ನನಗಿಂತ ಎರಡು ವರ್ಷ ಚಿಕ್ಕವನು, ಅಷ್ಟರಲ್ಲಿ ಮೊಬೈಲ್ ರಮ್ಮಿಯಲ್ಲಿ 3 ಲಕ್ಷ 40 ಸಾವಿರ ಕಳೆದುಕೊಂಡಿದ್ದ. ಅವನ ಹೆಸರು ಬೇಡ, ತಮ್ಮ ಅಂತಲೇ ಕರೀತೀನಿ.

ಕಾಕಾ ಪೇಪರ್ ಮಡಚಿ ಇಟ್ಟು ಕೇಳಿದರು: “ಏನಪಾ, ಒಂದ ಮಾತ ಕೇಳ್ತೀನಿ. ನೀನೂ ಅವನೂ ಕೂಡೇ ಆ ಟಿವಿ ಗೇಮ್ ಆಡಿ ಬೆಳದವ್ರು. ಅದನ್ನ ತಂದ ಕೊಟ್ಟಾವ ನಾನ. ಅವಂಗ ಈ ಹುಚ್ಚ ಹತ್ತಿದ್ದು ಅಲ್ಲಿಂದನ ಏನು? ಹಂಗಾರ ನಿನಗ್ಯಾಕ ಹತ್ತಲಿಲ್ಲ?”

ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೂವತ್ತು ವರ್ಷ ದುಡಿದ ಮನುಷ್ಯ. ಒಂದು ದೀಪಾವಳಿ ಬೋನಸ್‌ನಲ್ಲಿ ಮಕ್ಕಳಿಗೆ ಅಂತ ತಂದ ಆಟಿಕೆಯೇ ಮಗನನ್ನು ಕೆಡಿಸಿತೇನೋ ಅಂತ ಅವರಿಗೆ ಒಳಗೊಳಗೇ ಕೊರೆಯುತ್ತಿತ್ತು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. “ಇಲ್ಲ ಬಿಡ್ರಿ ಕಾಕಾ” ಅಂದು ಎದ್ದುಬಿಟ್ಟೆ. ಆದರೆ ಪ್ರಶ್ನೆ ಮಾತ್ರ ನನ್ನ ಜೊತೆಗೇ ರೈಲು ಹತ್ತಿ ಬೆಂಗಳೂರಿಗೆ ಬಂತು. ಈ ಬರಹ ಅದಕ್ಕೆ ಉತ್ತರ ಹುಡುಕುವ ಪ್ರಯತ್ನ.

ವಿಡಿಯೋ ಗೇಮ್‌ಗಳ ಇತಿಹಾಸ ಅಂದ್ರೆ ಸಾಮಾನ್ಯವಾಗಿ ಗ್ರಾಫಿಕ್ಸ್ ಇತಿಹಾಸ ಹೇಳ್ತಾರೆ. ಮೊದಲು ಚುಕ್ಕೆ ಇತ್ತು, ಆಮೇಲೆ ಬಣ್ಣ ಬಂತು, ಈಗ ಸಿನಿಮಾ ಥರ ಕಾಣುತ್ತೆ ಅಂತ. ನಾನು ಬೇರೆ ಲೆಕ್ಕ ಹಿಡಿದು ನೋಡಿದೆ. ಪ್ರತಿಯೊಂದು ಕಾಲದಲ್ಲೂ ಆಟದಲ್ಲಿ ಸೋತವನು ಏನು ಬೆಲೆ ಕೊಟ್ಟ, ಆ ಬೆಲೆ ಯಾರ ಜೇಬಿಗೆ ಹೋಯ್ತು? ಹೀಗೆ ಕೇಳಿಕೊಂಡರೆ ಆಟ ಯಾಕೆ ಇಷ್ಟ ಆಗುತ್ತೆ ಅನ್ನೋದಕ್ಕೂ ಉತ್ತರ ಸಿಗುತ್ತೆ.

ಟಿವಿಗಿಂತ ಮೊದಲೂ ಆಟ ಇತ್ತಲ್ಲ. ಹಂಪಿಗೆ ಹೋದಾಗ ಕಲ್ಲುಹಾಸಿನ ಮೇಲೆ ಕೊರೆದ ಆಟದ ಮನೆಗಳನ್ನು ನೀವೂ ನೋಡಿರಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಹೊಸ ಹೊಸ ಆಟ ಕಟ್ಟುವುದೇ ಒಂದು ಗೀಳು. ಗಂಜೀಫಾ ಎಲೆಗಳಿಗೆ, ಮಣೆಯಾಟಗಳಿಗೆ ತಾವೇ ಹೊಸ ನಿಯಮ ರೂಪಿಸುತ್ತಿದ್ದರು. ನಮ್ಮಜ್ಜಿ ಅಷ್ಟು ದೊಡ್ಡವಳಲ್ಲ. ಹುಣಸೆ ಬೀಜದ ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿ, ಅಂಗಳದಲ್ಲಿ ಸುಣ್ಣದಿಂದ ಮನೆ ಬರೆದು ಚೌಕಾಬಾರಾ ಆಡಿಸುತ್ತಿದ್ದಳು. ಹಸ್ತಿನಾವತಿಯಲ್ಲಿ ಧರ್ಮರಾಯ ಉರುಳಿಸಿದ್ದೂ ದಾಳವೇ, ನಮ್ಮಜ್ಜಿ ಉರುಳಿಸಿದ್ದೂ ಒಂಥರಾ ದಾಳವೇ. ಅಲ್ಲಿ ರಾಜ್ಯ ಹೋಯ್ತು, ಇಲ್ಲಿ ಸೋತವರು ಎದ್ದು ಹೋಗಿ ಎಮ್ಮೆಗೆ ನೀರು ಕುಡಿಸಿ ಬರಬೇಕಿತ್ತು. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಮಷೀನಿಗೆ ಬರೋಣ. 1972ರಲ್ಲಿ ಅಮೆರಿಕದ ಅಟಾರಿ ಕಂಪನಿ ಪಾಂಗ್ ಅನ್ನೋ ಆಟ ತಂದಿತು. ಎರಡು ಗೆರೆ, ಒಂದು ಚುಕ್ಕೆ, ಟೇಬಲ್ ಟೆನಿಸ್ ಥರ. ನಾಣ್ಯ ಹಾಕಿದರೆ ಆಟ ಶುರು. 1978ರಲ್ಲಿ ಜಪಾನಿನ ಟೈಟೋ ಕಂಪನಿಯ ತೊಮೊಹಿರೊ ನಿಶಿಕಾಡೊ ಸ್ಪೇಸ್ ಇನ್‌ವೇಡರ್ಸ್ ಮಾಡಿದ. ಮೇಲಿಂದ ಸಾಲುಸಾಲಾಗಿ ಇಳಿಯುವ ಶತ್ರುಗಳನ್ನು ಕೆಳಗಿನಿಂದ ಹೊಡೆಯುವ ಆಟ. ನಮ್ಮ ವೃತ್ತಿಯವರಿಗೆ ಇಷ್ಟವಾಗುವ ಸಂಗತಿ ಇದರಲ್ಲಿದೆ. ಶತ್ರುಗಳು ಕಡಿಮೆಯಾದ ಹಾಗೆ ಉಳಿದವರು ಜೋರಾಗಿ ಓಡುತ್ತಾರೆ. ಇದು ಮೊದಲು ಯಾರೂ ಯೋಚಿಸಿ ಮಾಡಿದ್ದಲ್ಲ. ಪರದೆ ಮೇಲೆ ಚಿತ್ರ ಕಡಿಮೆಯಾದಾಗ ಪ್ರೊಸೆಸರ್‌ಗೆ ಕೆಲಸ ಕಡಿಮೆ, ಹಾಗಾಗಿ ವೇಗ ಜಾಸ್ತಿ. ನಿಶಿಕಾಡೊ ಅದನ್ನು ಬಗ್ ಅಂತ ತೆಗೆಯಲಿಲ್ಲ, ಹಾಗೇ ಬಿಟ್ಟ. ಗೆಲುವು ಹತ್ತಿರವಾದಷ್ಟೂ ಎದೆ ಜೋರಾಗಿ ಹೊಡೆದುಕೊಳ್ಳುವ ಅನುಭವ ಹುಟ್ಟಿದ್ದು ಹೀಗೆ.

ಆ ಕಾಲದಲ್ಲಿ ಸೋಲಿನ ಬೆಲೆ ಒಂದು ನಾಣ್ಯ. ಅಂಗಡಿಯವನಿಗೆ ನೀವು ಬೇಗ ಸೋಲಬೇಕು, ಇಲ್ಲಾಂದ್ರೆ ಹಿಂದೆ ಕ್ಯೂನಲ್ಲಿ ನಿಂತವನ ನಾಣ್ಯ ಬರಲ್ಲ. ಹಾಗಂತ ಬಹಳ ಬೇಗ ಸೋಲಿಸಿದರೆ ನೀವು ಮತ್ತೆ ಬರಲ್ಲ. “ಇನ್ನೊಂದ್ಸಲ ಆಡಿದ್ರೆ ಗೆಲ್ತಿದ್ದೆ” ಅನ್ನಿಸುವ ಹಾಗೆ ಸೋಲಿಸಬೇಕು. ಆಟ ಕಟ್ಟುವವರು ಕಲಿತ ಮೊದಲ ಪಾಠ ಇದು.

1983ರಲ್ಲಿ ನಿಂಟೆಂಡೊ ಕಂಪನಿ ಜಪಾನಿನಲ್ಲಿ ಫ್ಯಾಮಿಕಾಮ್ ಅನ್ನೋ ಪೆಟ್ಟಿಗೆ ಬಿಡುಗಡೆ ಮಾಡಿತು. ಮನೆಯ ಟಿವಿಗೆ ಜೋಡಿಸಿ ಆಡುವಂಥದ್ದು. ನಮ್ಮ ಕಡೆ ಬಂದಿದ್ದು ಅದರ ನಕಲುಗಳು, ಅದೂ ಹತ್ತು ಹದಿನೈದು ವರ್ಷ ತಡವಾಗಿ. ನಾವು ಕನ್ಸೋಲ್ ಅಂತ ಎಲ್ಲಿ ಅಂತಿದ್ವಿ, ಅದು “ಟಿವಿ ಗೇಮ್”. ಕಾರ್ಟ್ರಿಜ್ ಅಲ್ಲ, “ಕ್ಯಾಸೆಟ್”. ಕಂಟ್ರೋಲರ್ ಅಲ್ಲ, “ರಿಮೋಟ್”. ಕ್ಯಾಸೆಟ್ ಮೇಲೆ 9999999 ಇನ್ 1 ಅಂತ ಬರೆದಿರೋದು, ಒಳಗೆ ಇರೋದು ಬೆರಳೆಣಿಕೆಯ ಆಟ, ಅವೇ ತಿರುತಿರುಗಿ ಬರೋದು. ಕ್ಯಾಸೆಟ್ ಓಡದಿದ್ದರೆ ತೆಗೆದು ಅದರ ಬಾಯಿಗೆ ಉಫ್ ಅಂತ ಊದಿ ಮತ್ತೆ ಹಾಕೋದು. ನಿಮ್ಮೂರಲ್ಲೂ ಊದಿರ್ತೀರಿ, ಗೊತ್ತು.

ಮೊದಲು ನಾವು ಆಡಿದ್ದು ಮಚ್ಛೆಯ ಒಂದು ಅಂಗಡಿಯಲ್ಲಿ. ತಾಸಿಗೆ ಐದು ರೂಪಾಯಿ. ಇಬ್ಬರಿಂದ ಐದು ರೂಪಾಯಿ ಕೂಡಿಸಲು ವಾರ ಹಿಡಿಯುತ್ತಿತ್ತು. ಅಲ್ಲಿಗೆ ನಡೆದು ಹೋಗಿ ಬರೋದು ನೋಡಲಾರದೆ ಕಾಕಾ ಆ ದೀಪಾವಳಿಗೆ ಬೆಳಗಾವಿಯ ಖಡೇಬಜಾರದಿಂದ ಒಂದು ಸೆಟ್ ತಂದರು. ಅವತ್ತು ರಾತ್ರಿ ಕರೆಂಟ್ ಇರಲಿಲ್ಲ. ಇಬ್ಬರೂ ಡಬ್ಬಿ ಪಕ್ಕದಲ್ಲೇ ಮಲಗಿದ್ವಿ.

ಆಟ ಯಾಕೆ ಖುಷಿ ಕೊಡುತ್ತೆ ಅಂತ ತಿಳಿಯೋಕೆ ಸೂಪರ್ ಮಾರಿಯೋದ ಮೊದಲ ಹಂತ ಸಾಕು. 1985ರ ಆಟ. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಝುಕಾ ಕಟ್ಟಿದ್ದು. ಇಡೀ ಆಟದ ಗಾತ್ರ 40 ಕೆಬಿ. ಇವತ್ತು ವಾಟ್ಸಾಪಲ್ಲಿ ಬರುವ ಗುಡ್ ಮಾರ್ನಿಂಗ್ ಚಿತ್ರ ಅದಕ್ಕಿಂತ ಭಾರ. ಜಾಗ ಉಳಿಸೋಕೆ ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಇಟ್ಟು ಬಣ್ಣ ಮಾತ್ರ ಬದಲಿಸಿದ್ದಾರೆ. ಹೇಗೆ ಆಡಬೇಕು ಅಂತ ಆ ಆಟ ಒಂದು ಅಕ್ಷರದಲ್ಲೂ ಹೇಳಲ್ಲ. ಮಾರಿಯೋ ಎಡಗಡೆ ನಿಂತಿರ್ತಾನೆ, ಬಲಗಡೆ ಖಾಲಿ. ಅಂದ್ರೆ ಬಲಕ್ಕೆ ಹೋಗು. ಎದುರಿಗೆ ಅಣಬೆ ಥರದ ಒಂದು ಪ್ರಾಣಿ ಬರುತ್ತೆ. ತಾಗಿದ್ರೆ ಸತ್ತೆ. ಸತ್ತರೂ ಹೋಗಿದ್ದು ನಾಲ್ಕು ಸೆಕೆಂಡು ಅಷ್ಟೇ, ಮತ್ತೆ ಶುರು. ಈ ಸಲ ಹಾರ್ತೀಯ. ಹಾರಿದಾಗ ತಲೆ ಮೇಲಿನ ಪೆಟ್ಟಿಗೆಗೆ ಬಡಿದು ನಿಜವಾದ ಅಣಬೆ ಹೊರಬರುತ್ತೆ. ಅದು ಮುಂದೆ ಹೋಗಿ ಪೈಪಿಗೆ ಬಡಿದು ನಿನ್ನ ಕಡೆಗೇ ವಾಪಸ್ ಬರುತ್ತೆ. ಹೆದರಿ ಓಡೋಕೆ ನೋಡಿದ್ರೂ ಬಂದು ತಾಗುತ್ತೆ. ತಾಗಿದ್ರೆ ದೊಡ್ಡವನಾಗ್ತೀಯ! ಒಂದು ನಿಮಿಷದ ಒಳಗೆ ಓಡೋದು, ಹಾರೋದು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ, ಎಲ್ಲ ಗೊತ್ತಾಯ್ತು. ಇಂಗ್ಲಿಷ್ ಬಾರದ, ಜಪಾನೀ ಕೇಳಿಯೂ ಇಲ್ಲದ ದೇಸೂರಿನ ಇಬ್ಬರು ಹುಡುಗರಿಗೂ ಗೊತ್ತಾಯ್ತು.

ಆದರೆ ನಮ್ಮಿಬ್ಬರ ಆಟ ಅಂದ್ರೆ ಕಾಂಟ್ರಾ. ಕೊನಾಮಿ ಕಂಪನಿ 1987ರಲ್ಲಿ ನಾಣ್ಯದ ಮಷೀನಿಗೆ, 1988ರಲ್ಲಿ ಮನೆಯ ಪೆಟ್ಟಿಗೆಗೆ ತಂದದ್ದು. ಇಬ್ಬರು ಒಟ್ಟಿಗೆ ಆಡಬಹುದು. ಒಂದು ಗುಂಡು ತಾಗಿದರೆ ಸತ್ತೆ. ಇರೋದು ಮೂರೇ ಲೈಫ್. ಈ ಕಂಪನಿಯ ಆಟಗಳಲ್ಲಿ ಮೇಲೆ ಮೇಲೆ ಕೆಳಗೆ ಕೆಳಗೆ ಅಂತ ಒತ್ತುವ ಒಂದು ಗುಟ್ಟಿನ ಕೋಡ್ ಇತ್ತಲ್ಲ, ಅದರ ಕಥೆ ಚೆನ್ನಾಗಿದೆ. 1986ರಲ್ಲಿ ಗ್ರೇಡಿಯಸ್ ಅನ್ನೋ ಆಟವನ್ನು ಟೆಸ್ಟ್ ಮಾಡುವಾಗ ಕಜುಹಿಸಾ ಹಶಿಮೊಟೊ ಅನ್ನುವ ಎಂಜಿನಿಯರ್‌ಗೆ ಆ ಆಟ ಗೆಲ್ಲೋಕಾಗಲಿಲ್ಲ. ತನ್ನ ಅನುಕೂಲಕ್ಕೆ ಅಂತ ಈ ಕೋಡ್ ಹಾಕಿಕೊಂಡ, ತೆಗೆಯೋದು ಮರೆತ. ಪ್ರೊಡಕ್ಷನ್‌ಗೆ ಹೋಯ್ತು. ನಮ್ಮಲ್ಲಿ ಹೀಗಾದ್ರೆ ಮರುದಿನ ಮೀಟಿಂಗ್ ಕರೀತಾರೆ, ಅವನದು ಇತಿಹಾಸ ಆಯ್ತು. ನಮಗೆ ಆ ಕೋಡ್ ಗೊತ್ತಾಗೋ ಹೊತ್ತಿಗೆ ಮೂರೇ ಲೈಫಿನಲ್ಲಿ ಮುಗಿಸೋಕೆ ಕಲಿತುಬಿಟ್ಟಿದ್ವಿ.

ಹೇಗೆ ಕಲಿತ್ವಿ? ಸತ್ತು ಸತ್ತು. ಕಾಂಟ್ರಾದಲ್ಲಿ ಶತ್ರು ಪ್ರತಿ ಸಲವೂ ಅದೇ ಜಾಗದಿಂದ ಬರ್ತಾನೆ. ಸೇತುವೆ ಅದೇ ಹೊತ್ತಿಗೆ ಸಿಡಿಯುತ್ತೆ. ಮೂರನೇ ಹಂತದಲ್ಲಿ ಜಲಪಾತ. ಮೇಲೆ ಹತ್ತುವವನು ಬೇಗ ಬೇಗ ಹತ್ತಿದರೆ ಪರದೆ ಮೇಲಕ್ಕೆ ಸರಿದು ಕೆಳಗಿದ್ದವನು ಸಾಯ್ತಾನೆ. ಮುಂದಿದ್ದವನು ನಿಂತು ಕಾಯಬೇಕು. “ಅಣ್ಣಾ ನಿಂದರು, ನಿಂದರು!” ಅಂತ ತಮ್ಮ ಕೂಗಿದ್ದು ಇಡೀ ಓಣಿಗೆ ಕೇಳಿಸುತ್ತಿತ್ತು. ನನ್ನ ಲೈಫ್ ಮುಗಿದರೆ ಅವನ ಲೆಕ್ಕದಿಂದ ಒಂದು ತಗೊಂಡು ಆಡಬಹುದಿತ್ತು. ತಗೊಂಡಿದ್ದಕ್ಕೆ ಅವನು ಒಂದು ದಿನವೂ ಜಗಳ ಆಡಲಿಲ್ಲ. ಅವನದನ್ನು ತಗೊಳ್ಳುವ ಹೊತ್ತು ಬಂದಿದ್ದು ಹೆಚ್ಚು ನನಗೇ, ಯಾಕಂದ್ರೆ ಅವನು ನನಗಿಂತ ಚೆನ್ನಾಗಿ ಆಡುತ್ತಿದ್ದ.

ಯಾಕೆ ಅಷ್ಟು ಖುಷಿ ಆಗ್ತಿತ್ತು ಅಂತ ಈಗ ಯೋಚಿಸಿದರೆ ಹೊಳೆಯೋದು ಇದು. ನಮ್ಮ ಸುತ್ತ ನಡೆಯುತ್ತಿದ್ದ ಯಾವುದೂ ಅಷ್ಟು ನ್ಯಾಯವಾಗಿರಲಿಲ್ಲ. ಅಪ್ಪ ಗದ್ದೆಗೆ ವರ್ಷವಿಡೀ ದುಡಿಯುತ್ತಿದ್ದ. ಒಂದು ವರ್ಷ ಮಳೆ ಹೆಚ್ಚಾಗಿ ಭತ್ತ ಮಲಗುತ್ತಿತ್ತು, ಇನ್ನೊಂದು ವರ್ಷ ಭತ್ತ ಚೆನ್ನಾಗಿ ಬಂದು ರೇಟು ಮಲಗುತ್ತಿತ್ತು. ಹೋದ ವರ್ಷ ಕಲಿತದ್ದು ಈ ವರ್ಷಕ್ಕೆ ಬರುತ್ತಿರಲಿಲ್ಲ. ಕಾಂಟ್ರಾದಲ್ಲಿ ಹಾಗಿಲ್ಲ. ನಿನ್ನೆ ಎಲ್ಲಿ ಸತ್ತೆನೋ ಅಲ್ಲಿ ಇವತ್ತು ಹಾರಿದರೆ ಆಯ್ತು. ತಪ್ಪು ನನ್ನದು, ತಿದ್ದಿಕೊಳ್ಳೋನು ನಾನು, ಫಲವೂ ಕೂಡಲೇ. ಸೋಲಿನ ಬೆಲೆ? ಏನೂ ಇಲ್ಲ. ಇನ್ನೊಮ್ಮೆ ಸ್ಟಾರ್ಟ್ ಒತ್ತಬೇಕು ಅಷ್ಟೇ. ನಾವು ಸೋತರೆ ಜಪಾನಿನಲ್ಲಿ ಯಾರಿಗೂ ಒಂದು ಪೈಸೆ ಹೋಗುತ್ತಿರಲಿಲ್ಲ.

ಆಮೇಲೆ ಮೊಬೈಲ್ ಬಂತು. ನೋಕಿಯಾದ ಟಾನೆಲಿ ಅರ್ಮಾಂಟೊ 1997ರಲ್ಲಿ 6110 ಫೋನಿಗೆ ಸ್ನೇಕ್ ಬರೆದ. ನಮ್ಮನೆಗೆ ಆ ಹಾವು ಬಂದಿದ್ದು ಅಪ್ಪನ 1100ದ ಜೊತೆ. ಅದರಲ್ಲಿ ಬೇರೆ ಶತ್ರುವೇ ಇಲ್ಲ. ತಿಂದಷ್ಟೂ ಉದ್ದ ಆಗ್ತೀಯ, ಉದ್ದ ಆದಷ್ಟೂ ನಿನ್ನ ಬಾಲವೇ ನಿನಗೆ ಅಡ್ಡ. ಖಾನಾಪುರದ ಕಡೆ ಹೋಗುವ ಬಸ್ಸಲ್ಲಿ ಬಾಯಿ ಬಿಗಿಹಿಡಿದು ಆ ಆಟ ಆಡುತ್ತಿದ್ದ ಮಾಸ್ತರರನ್ನೂ ಕಂಡಿದ್ದೇನೆ.

ಬಿಇ ಓದುವಾಗ ಬೆಳಗಾವಿಯ ಸೈಬರ್ ಕೆಫೆಗಳು ನಮ್ಮ ಎರಡನೇ ಹಾಸ್ಟೆಲ್. ತಾಸಿಗೆ ಹದಿನೈದು, ಇಪ್ಪತ್ತು. ರೋಡ್ ರ್‍ಯಾಶ್, ಕೌಂಟರ್ ಸ್ಟ್ರೈಕ್, ವೈಸ್ ಸಿಟಿ. ಕೌಂಟರ್ ಸ್ಟ್ರೈಕ್ ಶುರುವಾಗಿದ್ದು 1999ರಲ್ಲಿ, ಹಾಫ್ ಲೈಫ್ ಅನ್ನೋ ಆಟದ ಮೇಲೆ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಅನ್ನೋ ಇಬ್ಬರು ಹುಡುಗರು ಹವ್ಯಾಸಕ್ಕೆ ಕಟ್ಟಿದ್ದು. ಅದರಲ್ಲಿ ಸತ್ತರೆ ಆ ಸುತ್ತು ಮುಗಿಯುವ ತನಕ ಕೈಕಟ್ಟಿ ಉಳಿದವರ ಆಟ ನೋಡಬೇಕು. ಸೋಲಿನ ಬೆಲೆ ಒಂದೆರಡು ನಿಮಿಷದ ಅವಮಾನ. ಹಿಂದಿನ ಸಾಲಿನಿಂದ ಗೆಳೆಯರು ಬೈಯುವ ಬೈಗುಳವೂ ಸೇರಿ.

2002ರ ಆಟ ವೈಸ್ ಸಿಟಿ, ಕಂಪ್ಯೂಟರಿಗೆ ಬಂದಿದ್ದು 2003ರಲ್ಲಿ. ಅದರಲ್ಲಿ ತಮ್ಮ ಒಂದೊಂದೇ ಮಿಷನ್ ಮುಗಿಸಿ ಸೇವ್ ಮಾಡ್ಕೋತಿದ್ದ. ನಾನು ಒಂದೂ ಮಿಷನ್ ಮುಗಿಸಿದವನಲ್ಲ. ಬೈಕ್ ಹತ್ತಿ ಸಮುದ್ರದ ದಂಡೆ ಉದ್ದಕ್ಕೂ ರೇಡಿಯೋ ಹಾಕ್ಕೊಂಡು ಸುಮ್ಮನೆ ಓಡಾಡೋದು. ಆಗಿನ್ನೂ ನಾನು ನಿಜವಾದ ಸಮುದ್ರ ನೋಡಿರಲಿಲ್ಲ. ನಮ್ಮೂರಿಂದ ಗೋವಾ ಹತ್ತಿರವೇ, ಆದರೆ ಕರೆದುಕೊಂಡು ಹೋಗೋರು ಯಾರು? ರಿಚರ್ಡ್ ಬಾರ್ಟಲ್ ಅನ್ನೋ ಇಂಗ್ಲಿಷ್ ಲೇಖಕ 1996ರಲ್ಲೇ ಆಟಗಾರರನ್ನು ನಾಲ್ಕು ಥರ ವಿಂಗಡಿಸಿದ್ದ: ಗುರಿ ಮುಟ್ಟಬೇಕು ಅನ್ನೋರು, ಸುತ್ತಾಡಿ ನೋಡೋರು, ನಾಲ್ಕು ಜನರ ಜೊತೆ ಬೆರೆಯೋಕೆ ಬರೋರು, ಇನ್ನೊಬ್ಬರನ್ನು ಹೊಡೆದು ಮಣಿಸೋದರಲ್ಲೇ ಸುಖ ಕಾಣೋರು. ತಮ್ಮ ಮೊದಲ ಥರದವನು, ನಾನು ಎರಡನೆಯವನು. ಆಗ ಅದಕ್ಕೇನೂ ಮಹತ್ವ ಇರಲಿಲ್ಲ. ಕಾಕಾ ಕೇಳಿದ “ನಿನಗ್ಯಾಕ ಹತ್ತಲಿಲ್ಲ” ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ ಅಂತ ಈಗ ಅನ್ನಿಸುತ್ತೆ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ನಾವು ಬೆಳಗಾವಿಯಲ್ಲಿ ತಾಸಿನ ಲೆಕ್ಕದಲ್ಲಿ ಆಟ ಆಡ್ತಿದ್ದಾಗ ಬೆಂಗಳೂರಿನಲ್ಲಿ ಆಟ ಕಟ್ಟುವ ಕೆಲಸವೇ ನಡೆಯುತ್ತಿತ್ತು. ರಾಜೇಶ್ ರಾವ್ ಅವರು 1997ರಲ್ಲಿ ಶುರು ಮಾಡಿದ ಧ್ರುವ ಇಂಟರಾಕ್ಟಿವ್ ಹೊರದೇಶದ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಪಾತ್ರಗಳ ಚಿತ್ರ ಮಾಡಿಕೊಡುತ್ತಿತ್ತು. 2019ರಲ್ಲಿ ಅದನ್ನು ಕೊಂಡುಕೊಂಡಿದ್ದು ವೈಸ್ ಸಿಟಿ ಮಾಡಿದ ಅದೇ ರಾಕ್‌ಸ್ಟಾರ್ ಕಂಪನಿ. ನನಗೆ ಇದು ಗೊತ್ತಾಗಿದ್ದು ಬೆಂಗಳೂರಿಗೆ ಬಂದು ಎಷ್ಟೋ ವರ್ಷದ ಮೇಲೆ. ಮೊದಲೇ ಗೊತ್ತಿದ್ದರೆ ರೆಸ್ಯೂಮೆಯಲ್ಲಿ “ಸಮುದ್ರ ದಂಡೆಯಲ್ಲಿ ಎರಡು ವರ್ಷದ ಅನುಭವ” ಅಂತ ಬರೀತಿದ್ನೇನೋ.

2018ರಲ್ಲಿ ಪಬ್‌ಜಿ ಮೊಬೈಲಿಗೆ ಬಂತು. ಮೊದಲ ಸಲ ಸೋಲಿನ ಲೆಕ್ಕ ತಲೆಕೆಳಗಾಯ್ತು. ವಿಮಾನದಿಂದ ನೂರು ಜನ ಧುಮುಕುತ್ತಾರೆ, ಗೆಲ್ಲೋದು ಒಬ್ಬ ಅಥವಾ ಒಂದು ತಂಡ. ಅಂದ್ರೆ ಹೆಚ್ಚುಕಡಿಮೆ ಎಲ್ಲರೂ ಸೋಲಲೇಬೇಕು. ಆದರೂ ಜನ ಮುಗಿಬಿದ್ದರು. ಒಂದು ಕಾರಣ, ಆಟ ಪುಕ್ಕಟೆ. ಇನ್ನೊಂದು, ಹೊಸಬರ ಮೊದಲ ಆಟಗಳಲ್ಲಿ ಎದುರಾಳಿಗಳು ಬಹುಪಾಲು ಮನುಷ್ಯರೇ ಅಲ್ಲ, ಕಂಪ್ಯೂಟರ್ ನಡೆಸುವ ಬಾಟ್‌ಗಳು. ಹೊಡೆದರೆ ಬೀಳ್ತಾವೆ. ಮೊದಲ ದಿನವೇ ಗೆಲ್ತೀಯ, “ನನಗೆ ಕೈ ಹತ್ತಿದೆ” ಅನ್ನಿಸುತ್ತೆ. ಮೂರನೆಯದು ನಮ್ಮ ಹಳೇ ಕಾಂಟ್ರಾದ ಕಾರಣವೇ. ಹೆಡ್‌ಫೋನ್ ಹಾಕ್ಕೊಂಡು ನಾಲ್ಕು ಗೆಳೆಯರು ಕೂಡಿ ಆಡೋದು. ನಾನು ಬೆಂಗಳೂರಲ್ಲಿ, ತಮ್ಮ ದೇಸೂರಲ್ಲಿ, ಲಾಕ್‌ಡೌನ್ ರಾತ್ರಿಗಳಲ್ಲಿ ನಾವು ಮಾತಾಡಿದಷ್ಟು ಅದಕ್ಕೆ ಮೊದಲೂ ಮಾತಾಡಿರಲಿಲ್ಲ, ಆಮೇಲೂ ಇಲ್ಲ. 2020ರ ಸೆಪ್ಟೆಂಬರ್ 2ಕ್ಕೆ ಸರ್ಕಾರ ಅದನ್ನು ನಿಷೇಧಿಸಿತು. ಮರುವರ್ಷ ಬಿಜಿಎಂಐ ಅನ್ನೋ ಹೆಸರಲ್ಲಿ ಮತ್ತೆ ಬಂತು.

ಪುಕ್ಕಟೆ ಆಟಕ್ಕೆ ದುಡ್ಡು ಎಲ್ಲಿಂದ? ಅಂಗಿ, ಬಂದೂಕಿನ ಬಣ್ಣ, ಪೆಟ್ಟಿಗೆಗಳಿಂದ. ಪೆಟ್ಟಿಗೆ ಒಳಗೆ ಏನಿದೆ ಅಂತ ತೆರೆಯುವ ತನಕ ಗೊತ್ತಿಲ್ಲ. 1950ರ ದಶಕದಲ್ಲೇ ಅಮೆರಿಕದ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳನ್ನಿಟ್ಟು ಇದನ್ನು ತೋರಿಸಿದ್ದ. ಕುಕ್ಕಿದಾಗಲೆಲ್ಲ ಕಾಳು ಬಿದ್ದರೆ ಪಾರಿವಾಳ ಹಸಿವಾದಾಗ ಮಾತ್ರ ಕುಕ್ಕುತ್ತೆ. ಯಾವಾಗ ಬೀಳುತ್ತೆ ಅಂತ ಗೊತ್ತಾಗದ ಹಾಗೆ ಮಾಡಿದರೆ ಕುಕ್ಕುತ್ತಲೇ ಇರುತ್ತೆ. ಇದರಲ್ಲಿ ಕಲಿಯೋದು ಏನೂ ಇಲ್ಲ, ಗಮನಿಸಿ. ಕಾಂಟ್ರಾದ ಖುಷಿ ಕಲಿತದ್ದರ ಖುಷಿ. ಪೆಟ್ಟಿಗೆಯ ಖುಷಿ ಕಾಯುವುದರ ಖುಷಿ. ಎರಡಕ್ಕೂ ನಾವು ಆಟ ಅಂತ ಒಂದೇ ಹೆಸರು ಇಟ್ಟಿದ್ದೇವೆ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಹಿಂದಿನ ಒಂದು ಕಂಪನಿಯಲ್ಲಿ ನಾನು ಶಾಪಿಂಗ್ ಆ್ಯಪ್ ಒಂದಕ್ಕೆ “ಏಳು ದಿನ ತಪ್ಪದೆ ಬನ್ನಿ, ಚಕ್ರ ತಿರುಗಿಸಿ, ನಾಣ್ಯ ಗೆಲ್ಲಿ” ಅನ್ನೋ ಫೀಚರ್ ಬರೆದವನು. ಚಕ್ರ ಎಲ್ಲಿ ನಿಲ್ಲುತ್ತೆ ಅನ್ನೋದು ತಿರುಗಿಸೋಕೆ ಮೊದಲೇ ಸರ್ವರ್‌ನಲ್ಲಿ ತೀರ್ಮಾನ ಆಗಿರುತ್ತಿತ್ತು. ದೊಡ್ಡ ಬಹುಮಾನದ ಪಕ್ಕದ ಮನೆಯಲ್ಲೇ ಮುಳ್ಳು ನಿಲ್ಲೋ ಹಾಗೆ ಆ್ಯನಿಮೇಷನ್ ಮಾಡಿದ್ದು ನಾನೇ. ಗ್ರಾಫ್ ಮೇಲೇರಿದ ದಿನ ಟೀಮಿಗೆ ಕೇಕ್ ತರಿಸಿದ್ರು. ತಿಂದೆ.

ಈಗ ರಮ್ಮಿಗೆ ಬರ್ತೀನಿ. ರಮ್ಮಿ ನಮ್ಮೂರಿಗೆ ಹೊಸದಲ್ಲ. 1967ರಲ್ಲಿ ಸುಪ್ರೀಂ ಕೋರ್ಟ್ ಆಂಧ್ರದ ಒಂದು ಪ್ರಕರಣದಲ್ಲಿ, ರಮ್ಮಿ ಬರೀ ಅದೃಷ್ಟದ ಆಟವಲ್ಲ, ಮುಖ್ಯವಾಗಿ ಕೌಶಲದ ಆಟ ಅಂತ ಹೇಳಿತು. ಯಾವ ಎಲೆ ಬಿದ್ದಿದೆ ಅಂತ ನೆನಪಿಡಬೇಕು, ಯಾವುದನ್ನು ಬಿಡಬೇಕು ಅಂತ ಯೋಚಿಸಬೇಕು. ರಮ್ಮಿ ಆ್ಯಪ್‌ಗಳ ಪರ ವಾದಿಸಿದವರೆಲ್ಲ ಹಿಡಿದು ನಿಂತಿದ್ದು ಈ ತೀರ್ಪನ್ನೇ. ಕರ್ನಾಟಕ 2021ರಲ್ಲಿ ಇಂಥ ಆಟಗಳ ಮೇಲೆ ಕಾನೂನು ತಂದಾಗ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಅದನ್ನು ರದ್ದು ಮಾಡಿತು. ಆದರೆ 1967ರ ತೀರ್ಪಿನಲ್ಲೇ ಇನ್ನೊಂದು ಮಾತಿದೆ, ಅದನ್ನು ಯಾರೂ ಅಷ್ಟಾಗಿ ಎತ್ತಿ ಹೇಳಲ್ಲ. ಪಣ ಇಟ್ಟು ಆಡುವ ಆಟದಿಂದ ಮನೆಯ ಅಥವಾ ಕ್ಲಬ್ಬಿನ ಮಾಲೀಕನೇ ಲಾಭ ಮಾಡಿಕೊಳ್ಳುತ್ತಿದ್ದರೆ ಆಗ ಅದು ಅಪರಾಧ ಆಗಬಹುದು ಅಂತ. ಆಗಲೇ ನ್ಯಾಯಮೂರ್ತಿಗಳು ಸರಿಯಾದ ಜಾಗಕ್ಕೆ ಬೆರಳಿಟ್ಟಿದ್ದರು.

ಜಾತ್ರೆಯ ರಾತ್ರಿ ಗುಡಿ ಹಿಂದೆ ಎಲೆ ಆಡೋರಲ್ಲಿ ಎದುರಿಗೆ ಕೂತವನ ಮುಖ ಕಾಣುತ್ತೆ. ಜೇಬಲ್ಲಿದ್ದ ಇನ್ನೂರು ಮುಗಿದರೆ ಆಟ ಮುಗೀತು. ಬೆಳಗಾದರೆ ಎಲ್ಲರೂ ಏಳಲೇಬೇಕು. ಆ್ಯಪಿನಲ್ಲಿ ಮುಖ ಇಲ್ಲ, ಬೆಳಗು ಇಲ್ಲ, ಜೇಬಿಗೆ ತಳ ಇಲ್ಲ. ಜೇಬು ಖಾಲಿಯಾದರೆ ಅದೇ ಫೋನಿನಲ್ಲಿ ಸಾಲ ಕೊಡುವ ಇನ್ನೊಂದು ಆ್ಯಪ್ ಇದೆ. ಯಾರೇ ಗೆಲ್ಲಲಿ, ಪ್ರತಿ ಟೇಬಲ್ಲಿನಿಂದ ಕಂಪನಿಯ ಪಾಲು ಮೊದಲೇ ಹೋಗಿರುತ್ತೆ. ನಾಣ್ಯದ ಮಷೀನಿನವನೂ ಸೋಲು ಮಾರುತ್ತಿದ್ದ, ನಿಜ. ಆದರೆ ಅವನ ಸೋಲಿಗೆ ರೇಟು ನಿಗದಿ ಇತ್ತು, ಒಂದು ನಾಣ್ಯ. ಇಲ್ಲಿ ಸೋಲಿಗೆ ರೇಟ್ ಬೋರ್ಡೇ ಇಲ್ಲ.

ತಮ್ಮನ ಜೊತೆ ಇದನ್ನೆಲ್ಲ ಮಾತಾಡಿದ್ದು ಊರಿಂದ ಬಂದು ಎರಡು ವಾರದ ಮೇಲೆ, ಫೋನಲ್ಲಿ. ಲೆಕ್ಚರ್ ಕೊಡೋಕೆ ಹೋಗಿದ್ದೆ ಅನ್ನಿ. ಕಾಂಟ್ರಾದಾಗ ನೀ ಕಲೀತಿದ್ದಿ, ಇದರಾಗ ಕಲಿಯೋದು ಏನೈತಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ:

“ಅಣ್ಣಾ, ನಾನೂ ಕಲ್ಯಾಕತ್ತೇನಿ ಅಂತನ ತಿಳ್ಕೊಂಡಿದ್ದೆ. ಸೋತಾಗೆಲ್ಲಾ ಎಲ್ಲಿ ತಪ್ಪಿದೆ ಅಂತ ಒಂದ ವಹಿಯೊಳಗ ಬರೀತಿದ್ದೆ. ಎರಡ ವಹಿ ತುಂಬ್ಯಾವು.”

ನನ್ನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಅವನು ಹಾಳಾಗಿದ್ದು ಸೋಮಾರಿತನದಿಂದಲ್ಲ, ಲೋಭದಿಂದಲೂ ಅಲ್ಲ. ಸೋತಾಗ ಬಿಡಬಾರದು, ತಪ್ಪು ತಿದ್ದಿಕೊಂಡು ಮತ್ತೆ ಆಡಬೇಕು ಅನ್ನೋ ಗುಣದಿಂದ. ಅದೇ ಗುಣ ಜಲಪಾತ ಹತ್ತಿಸಿತ್ತು. ಅದೇ ಗುಣ ನೋಡಿ ಫೌಂಡ್ರಿಯಲ್ಲಿ ಅವನನ್ನು ಮೂರೇ ವರ್ಷಕ್ಕೆ ಸಿಎನ್‌ಸಿ ಮಷೀನಿಗೆ ಹಾಕಿದ್ರು. ಆ ಗುಣವನ್ನು ನೆಲದ ಹಾಗೆ ಗುತ್ತಿಗೆಗೆ ಹಿಡಿದು ಬೆಳೆ ತೆಗೆದವರು ಬೇರೆಯವರು. ನಾನು ಬಚಾವಾಗಿದ್ದು ಜಾಣನಾಗಿದ್ದಕ್ಕಲ್ಲ. ನನಗೆ ಗೆಲ್ಲುವುದಕ್ಕಿಂತ ದಂಡೆಯ ಮೇಲೆ ಬೈಕ್ ಓಡಿಸೋದು ಇಷ್ಟ ಇತ್ತು, ಅಷ್ಟೇ.

ಹಾಗಾಗಿ ಕಾಕಾನ ಪ್ರಶ್ನೆಗೆ ಹೌದು ಅಂತಲೂ ಇಲ್ಲ, ಅಲ್ಲ ಅಂತಲೂ ಇಲ್ಲ. ದಸರೆಗೆ ಹೋದಾಗ ಪಡಸಾಲೆಯಲ್ಲೇ ಕೂತು ನನಗೆ ಬಂದ ಹಾಗೆ ಹೇಳಿದೆ. “ಕಾಕಾ, ನೀವು ತಂದ ಆಟದಾಗ ನಾವು ಸೋತ್ರ ಯಾರಿಗೂ ಏನೂ ಸಿಗ್ತಿರಲಿಲ್ಲ. ಅದಕ್ಕ ಆ ಆಟಕ್ಕ ನಾವು ಗೆದ್ದ್ರೂ ಅಷ್ಟ, ಸೋತ್ರೂ ಅಷ್ಟ. ಇದರಾಗ ಇಂವ ಸೋತ್ರನ ಅವರಿಗೆ ಊಟ. ಹಿಂಗಾಗಿ ಇಂವ ಆಟ ಬಿಟ್ಟ ಏಳದಂಗ ನೋಡ್ಕೋತಿದ್ರು.”

ಕಾಕಾ ಎಲೆ ಅಡಿಕೆ ಹಾಕ್ಕೊಂಡು ಯೋಚಿಸಿದರು. “ಅಂದ್ರ ನಾ ತಂದದ್ದು ಆಟ. ಇದು ಅಂಗಡಿ” ಅಂದ್ರು. ನಾನು ಇಷ್ಟುದ್ದ ಬರೆದದ್ದನ್ನು ಅವರು ಅಷ್ಟರಲ್ಲಿ ಮುಗಿಸಿದರು.

ಸಾಲದಲ್ಲಿ ಒಂದು ಭಾಗ ನಾನು ತೀರಿಸಿದೆ. ಬೇಡ ಅಂತ ತಮ್ಮ ಬಹಳ ಹಟ ಮಾಡಿದ. ಸಣ್ಣವರಿದ್ದಾಗ ನಿನ್ನ ಲೈಫ್ ಎಷ್ಟು ತಗೊಂಡಿದೀನಿ ಲೆಕ್ಕ ಇಟ್ಟಿದಿಯೇನು ಅಂದೆ. ನಗಲಿಲ್ಲ. ಪ್ರತಿ ತಿಂಗಳು 7ನೇ ತಾರೀಖು, ಪಗಾರ ಆದ ದಿನ, ನಾಲ್ಕು ಸಾವಿರ ಕಳಿಸ್ತಾನೆ. ಇದುವರೆಗೆ ಒಂದು ಕಂತೂ ತಪ್ಪಿಸಿಲ್ಲ.